ಸ್ಟೇಬಲ್‌ಗೆ ಸಿದ್ಧವಾದ ಪ್ಯಾಕೇಜುಗಳ ಲೆಕ್ಕವನ್ನು ಯಂತ್ರವೇ ಇಡಲಿ. ಷರಾ ಕಲಂ ಯಾರು ತುಂಬಬೇಕು?

ರಾಯಚೂರಿನಿಂದ, ಚರ್ಚೆ ಆರಂಭಿಸಿದವರು

ಬಳಗದ ಎಲ್ಲರಿಗೂ ನಮಸ್ಕಾರ. ರಾಯಚೂರಿನ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವ ಕೆಲಸ ನನ್ನದು. ಅಲ್ಲಿರುವ 36 ಯಂತ್ರಗಳ ಪೈಕಿ ಅರ್ಧದಷ್ಟರಲ್ಲಿ ಡೆಬಿಯನ್, ಉಳಿದವುಗಳಲ್ಲಿ ಫೆಡೋರಾ ಇದೆ. ಎರಡೂ ಲಿನಕ್ಸ್‌ನ ವಿತರಣೆಗಳು, ಅಂದರೆ ಲಿನಕ್ಸನ್ನು ಬೇಕಾದ ತಂತ್ರಾಂಶಗಳ ಜೊತೆ ಸೇರಿಸಿ ಕೊಡುವ ಯೋಜನೆಗಳು. ಯಾವ ಪ್ಯಾಕೇಜಿನ (ವಿತರಣೆ ಕೊಡುವ ತಂತ್ರಾಂಶದ ಕಟ್ಟಿನ) ಹೊಸ ಆವೃತ್ತಿ ಟೆಸ್ಟಿಂಗ್ ಎಂಬ ಪರೀಕ್ಷೆಯ ಹಂತದಲ್ಲಿದೆ, ಅದು ಎಲ್ಲರ ಬಳಕೆಗೆಂದು ಇರುವ ಸ್ಟೇಬಲ್ ಭಂಡಾರಕ್ಕೆ ಎಂದು ಬರುತ್ತದೆ ಎಂಬುದನ್ನು ನಾಲ್ಕು ವರ್ಷಗಳಿಂದ ಒಂದು ಲೆಡ್ಜರ್ ಪುಸ್ತಕದಲ್ಲಿ ಕೈಯಲ್ಲೇ ಬರೆದಿಟ್ಟುಕೊಂಡು ಬಂದಿದ್ದೇನೆ. ಅದರಲ್ಲಿ ಐದು ಕಲಂಗಳಿವೆ: ಪ್ಯಾಕೇಜಿನ ಹೆಸರು, ಆವೃತ್ತಿ, ಟೆಸ್ಟಿಂಗ್‌ಗೆ ಬಂದ ದಿನಾಂಕ, ಸ್ಟೇಬಲ್‌ಗೆ ಹೋಗಬಹುದಾದ ದಿನಾಂಕ, ಕೊನೆಯದು ಷರಾ. ಈ ಪುಸ್ತಕದ ಕೆಲಸವನ್ನು ಇನ್ನು ಮುಂದೆ ಯಂತ್ರಕ್ಕೆ ಒಪ್ಪಿಸಬೇಕೆಂದು ನಿರ್ಧರಿಸಿದ್ದೇನೆ. ಹೇಗೆ ಒಪ್ಪಿಸಬೇಕು ಎಂಬುದರ ಬಗ್ಗೆ ನಿಮ್ಮೆಲ್ಲರ ಸಲಹೆ ಬೇಕಾಗಿದೆ.

ಈ ನಿರ್ಧಾರಕ್ಕೆ ಕಾರಣವಾದ ಘಟನೆಯನ್ನು ಹೇಳಿಬಿಡುತ್ತೇನೆ. ಕನ್ನಡ ಟೈಪಿಂಗ್‌ನ ಆಂತರಿಕ ಪರೀಕ್ಷೆ ನಡೆಯುತ್ತಿದ್ದ ದಿನ ಬೆಳಿಗ್ಗೆ ವಿದ್ಯಾರ್ಥಿನಿಯೊಬ್ಬಳು ಕೈ ಎತ್ತಿ, ‘ಸರ್, ನಾನು ಸರಿಯಾಗಿಯೇ ಒತ್ತಿದ್ದೇನೆ, ಆದರೂ ರ ಹಿಂದಕ್ಕೆ ಹೋಗಿ ಅರ್ಕಾವತ್ತು ಆಗ್ತಾ ಇದೆ’ ಎಂದಳು. ಹತ್ತಿರ ಹೋಗಿ ನೋಡಿದೆ. ‘ರ‍್ಯಾಂಕ್’ ಎಂಬ ಪದದಲ್ಲಿ ರ ಅಕ್ಷರದ ಕೆಳಗೆ ಯ ಒತ್ತು ಕೂರಬೇಕಾಗಿತ್ತು. ಅದರ ಬದಲು ‘ಸೂರ್ಯ’ ಪದದಲ್ಲಿರುವ ಹಾಗೆ ಯ ಅಕ್ಷರ ಪೂರ್ತಿ ಗಾತ್ರದಲ್ಲಿ ನಿಂತು ಅದರ ಪಕ್ಕದಲ್ಲಿ ಅರ್ಕಾವತ್ತು ಬಂದಿತ್ತು. ಪಕ್ಕದ ಯಂತ್ರದಲ್ಲೂ ಹಾಗೆಯೇ, ಆ ಸಾಲಿನ ಎಲ್ಲ ಯಂತ್ರಗಳಲ್ಲೂ ಹಾಗೆಯೇ. ಹಿಂದಿನ ರಾತ್ರಿ ತಾನಾಗಿಯೇ ಇಳಿದಿದ್ದ ಒಂದು ಫಾಂಟಿನ ಅಪ್‌ಡೇಟ್ ಇದಕ್ಕೆ ಕಾರಣವಾಗಿತ್ತು. ಆ ಫಾಂಟಿನ ಹೆಸರನ್ನಾಗಲಿ ವಿತರಣೆಯ ಹೆಸರನ್ನಾಗಲಿ ಇಲ್ಲಿ ಹೇಳುವ ಅಗತ್ಯವಿಲ್ಲ, ಏಕೆಂದರೆ ದೂರಬೇಕಾದವರು ಅವರಲ್ಲ. ಅದು ಗಡುವಿನಷ್ಟು ದಿನ ಟೆಸ್ಟಿಂಗ್‌ನಲ್ಲಿ ಇತ್ತು. ಆ ದಿನಗಳಲ್ಲಿ ಯಾರೂ ಅದನ್ನು ಕೆಟ್ಟಿದೆ ಎಂದಿರಲಿಲ್ಲ, ಯಾರೂ ಚೆನ್ನಾಗಿದೆ ಎಂದೂ ಇರಲಿಲ್ಲ. ಗಡುವು ಮುಗಿಯಿತು, ಸ್ಟೇಬಲ್‌ಗೆ ಬಂತು. ನನ್ನ ಪುಸ್ತಕದಲ್ಲೂ ಅದರ ಸಾಲು ಇತ್ತು, ದಿನಾಂಕಗಳೂ ಸರಿಯಾಗಿದ್ದವು. ಷರಾ ಕಲಂ ಮಾತ್ರ ಖಾಲಿ ಇತ್ತು.

ನನ್ನ ಯೋಚನೆ ಇಷ್ಟು. ದಿನ ಎಣಿಸುವುದು, ಬಗ್ (ದೋಷ) ವರದಿಗಳನ್ನು ಹುಡುಕುವುದು, ಅವಲಂಬನೆಗಳು, ಅಂದರೆ ಪ್ಯಾಕೇಜಿಗೆ ಬೇಕಾದ ಬೇರೆ ಪ್ಯಾಕೇಜುಗಳು, ಸರಿಯಾಗಿವೆಯೇ ಎಂದು ನೋಡುವುದು, ಇವೆಲ್ಲ ಯಂತ್ರದ ಕೆಲಸ. ಆದರೆ ಯಂತ್ರ ಕೊಡುವ ಪಟ್ಟಿಯಲ್ಲಿ ‘ತಕರಾರು ಬಂದಿಲ್ಲ’ ಎಂಬುದಕ್ಕೂ ‘ಯಾರೋ ಬಳಸಿ ನೋಡಿದ್ದಾರೆ’ ಎಂಬುದಕ್ಕೂ ಬೇರೆ ಬೇರೆ ಕಲಂ ಇರಲೇಬೇಕು. ಈ ಎರಡನ್ನೂ ಸೇರಿಸಿ ‘ಸಿದ್ಧ’ ಎಂಬ ಒಂದೇ ಮಾತನ್ನು ಬರೆದರೆ ನನ್ನ ಪುಸ್ತಕದಲ್ಲಿದ್ದ ದೋಷವೇ ಇನ್ನಷ್ಟು ವೇಗವಾಗಿ ನಡೆಯುತ್ತದೆ.

ಕೊಪ್ಪಳದಿಂದ

ರಾಯಚೂರಿನ ಸರ್‌ಗೆ ನಮಸ್ಕಾರ. ನಿಮ್ಮ ಮಾತಿನ ತಿರುಳನ್ನು ಒಪ್ಪುತ್ತೇನೆ. ಆದರೆ ಇದಕ್ಕೆ ಸ್ಕ್ರಿಪ್ಟ್ (ಸಣ್ಣ ಪ್ರೋಗ್ರಾಮ್) ಬರೆಯುವ ಮೊದಲು ಒಂದು ವಿಷಯ ಸ್ಪಷ್ಟವಾಗಬೇಕು, ಇಲ್ಲದಿದ್ದರೆ ಪಟ್ಟಿಯ ತಲೆಬರಹವೇ ತಪ್ಪಾಗುತ್ತದೆ. ‘ಸ್ಟೇಬಲ್‌ಗೆ ಸಿದ್ಧ’ ಎಂಬ ಮಾತಿಗೆ ಎಲ್ಲ ವಿತರಣೆಗಳಲ್ಲೂ ಒಂದೇ ಅರ್ಥವಿಲ್ಲ.

ಡೆಬಿಯನ್‌ನಲ್ಲಿ ಹೊಸ ಆವೃತ್ತಿ ಮೊದಲು ಅನ್‌ಸ್ಟೇಬಲ್ ಎಂಬ ಭಂಡಾರಕ್ಕೆ ಬರುತ್ತದೆ. ಅಲ್ಲಿಂದ ಟೆಸ್ಟಿಂಗ್‌ಗೆ ದಾಟಿಸುವುದು ಬ್ರಿಟ್ನಿ ಎಂಬ ತಂತ್ರಾಂಶ. ತುರ್ತಿನ ಮಟ್ಟಕ್ಕೆ ತಕ್ಕಂತೆ 10, 5 ಅಥವಾ 2 ದಿನ ಕಾಯಿಸುತ್ತದೆ. ಸಾಮಾನ್ಯವಾಗಿ 5 ದಿನ. ದಿನ ಕಳೆದರೆ ಸಾಲದು. ಬಿಡುಗಡೆಗೆ ಅಡ್ಡಿಯಾಗುವಂಥ ಹೊಸ ಬಗ್ ಇರಬಾರದು, ಹಿಂದೆ ಯಾವ ಯಾವ ಆರ್ಕಿಟೆಕ್ಚರ್‌ಗಳಿಗೆ (ಪ್ರೊಸೆಸರ್ ಬಗೆಗಳಿಗೆ) ಪ್ಯಾಕೇಜು ಸಿಗುತ್ತಿತ್ತೋ ಅವೆಲ್ಲಕ್ಕೂ ಹೊಸದು ಬಿಲ್ಡ್ ಆಗಿರಬೇಕು, ಅಂದರೆ ಮೂಲ ಕೋಡ್‌ನಿಂದ ಓಡುವ ರೂಪಕ್ಕೆ ಬಂದಿರಬೇಕು, ಅದು ಒಳಬಂದರೆ ಟೆಸ್ಟಿಂಗ್‌ನಲ್ಲಿರುವ ಬೇರೆ ಪ್ಯಾಕೇಜುಗಳು ಇನ್‌ಸ್ಟಾಲ್ ಆಗದಂಥ ಸ್ಥಿತಿ ಬರಬಾರದು. ಇದರಲ್ಲಿ ಯಾವುದಾದರೂ ತಪ್ಪಿದರೆ, ಏಕೆ ದಾಟಿಸಲಿಲ್ಲ ಎಂಬ ಕಾರಣವನ್ನು ಬ್ರಿಟ್ನಿಯೇ ಬರೆದಿಡುತ್ತದೆ. ಆ ಪುಟಕ್ಕೆ ‘ಎಕ್ಸ್‌ಕ್ಯೂಸಸ್’ ಎಂದೇ ಹೆಸರು. ಆದರೆ ಟೆಸ್ಟಿಂಗ್‌ಗೆ ದಾಟಿದ ಪ್ಯಾಕೇಜು ಸ್ಟೇಬಲ್‌ಗೆ ಬಂದಂತಲ್ಲ. ಸುಮಾರು ಎರಡು ವರ್ಷಕ್ಕೊಮ್ಮೆ ಇಡೀ ಟೆಸ್ಟಿಂಗ್ ಅನ್ನು ಹಂತಹಂತವಾಗಿ ಫ್ರೀಜ್ ಮಾಡಿ (ಹೊಸ ಬದಲಾವಣೆಗಳನ್ನು ನಿಲ್ಲಿಸುತ್ತಾ ಬಂದು), ಒಟ್ಟಾಗಿ ಸ್ಟೇಬಲ್ ಎಂದು ಬಿಡುಗಡೆ ಮಾಡುತ್ತಾರೆ. ಡೆಬಿಯನ್ 12 ಬಂದದ್ದು 2023ರ ಜೂನ್ 10ರಂದು, 13 ಬಂದದ್ದು 2025ರ ಆಗಸ್ಟ್ 9ರಂದು. ಹೀಗಾಗಿ ನಿಮ್ಮ ಡೆಬಿಯನ್ ಯಂತ್ರಗಳ ಮಟ್ಟಿಗೆ ಕನ್ನಡದ ದೋಷವೊಂದನ್ನು ಫ್ರೀಜ್‌ಗೆ ಮೊದಲು ಹಿಡಿಯದಿದ್ದರೆ, ಆಮೇಲೆ ಗಂಭೀರ ದೋಷಗಳಿಗಷ್ಟೇ ಸ್ಟೇಬಲ್‌ನಲ್ಲಿ ತಿದ್ದುಪಡಿ ಸಿಗುತ್ತದೆ. ಒಂದು ಒತ್ತಕ್ಷರ ಕೆಟ್ಟದ್ದು ಗಂಭೀರ ದೋಷವೆಂದು ನಮಗೆ ಅನಿಸಿದರೂ, ಕನ್ನಡ ಓದಲು ಬಾರದವರಿಗೆ ಅದನ್ನು ಮನದಟ್ಟು ಮಾಡಿಸುವುದು ಸುಲಭವಲ್ಲ.

ಫೆಡೋರಾದಲ್ಲಿ ಹೀಗಲ್ಲ. ಅಲ್ಲಿ ಪ್ರತಿ ಅಪ್‌ಡೇಟ್ ಬಿಡಿಯಾಗಿಯೇ ಸ್ಟೇಬಲ್‌ಗೆ ಹೋಗುತ್ತದೆ, ಅದನ್ನು ನಡೆಸುವ ವ್ಯವಸ್ಥೆಯ ಹೆಸರು ಬೋಧಿ. ಬಳಸಿ ನೋಡಿದವರು ಕೊಡುವ ಅಂಕಕ್ಕೆ ಕರ್ಮ ಎನ್ನುತ್ತಾರೆ. ಪ್ಯಾಕೇಜನ್ನು ನೋಡಿಕೊಳ್ಳುವ ನಿರ್ವಾಹಕರು ನಿಗದಿಪಡಿಸಿದಷ್ಟು ಕರ್ಮ ಕೂಡಿದರೆ ಬೇಗ ಹೋಗುತ್ತದೆ, ಕೂಡದಿದ್ದರೆ ಸಾಮಾನ್ಯ ಪ್ಯಾಕೇಜು 7 ದಿನ ಕಾದು ಹೋಗುತ್ತದೆ. ಜೆಂಟೂ ಎಂಬ ವಿತರಣೆಯಲ್ಲಿ ಪದ್ಧತಿ ಮತ್ತೊಂದು ಬಗೆ: 30 ದಿನ ಬದಲಾವಣೆಯಿಲ್ಲದೆ, ತೆರೆದ ಬಗ್‌ಗಳಿಲ್ಲದೆ ಉಳಿದ ಆವೃತ್ತಿಯನ್ನು ಸ್ಟೇಬಲ್ ಮಾಡಿ ಎಂದು ಬಗ್‌ಜಿಲ್ಲಾ ಎಂಬ ದೋಷ ದಾಖಲಿಸುವ ತಾಣದಲ್ಲಿ ಕೋರಿಕೆ ಸಲ್ಲಿಸುತ್ತಾರೆ. ಅಂಥ ಆವೃತ್ತಿಗಳನ್ನು ಹುಡುಕಿಕೊಡುವುದಕ್ಕೆ ಅವರ ಪಿಕೆಜಿಚೆಕ್ ಎಂಬ ಸಲಕರಣೆಯಲ್ಲಿಯೇ ಒಂದು ತಪಾಸಣೆಯಿದೆ.

ಇಷ್ಟೆಲ್ಲ ಏಕೆ ಹೇಳಿದೆನೆಂದರೆ, ಗಡುವು ಎಣಿಸುವ ಕೆಲಸವನ್ನು ಈ ಯೋಜನೆಗಳೇ ಯಂತ್ರಕ್ಕೆ ಒಪ್ಪಿಸಿ ಎಷ್ಟೋ ವರ್ಷಗಳಾಗಿವೆ. ಆದ್ದರಿಂದ ನಾವು ಅದನ್ನು ಮತ್ತೆ ಎಣಿಸಬಾರದು. ಅವರು ಎಣಿಸಿದ್ದನ್ನು ಓದಬೇಕು. ಬೋಧಿ ತನ್ನ ಮಾಹಿತಿಯನ್ನು ಜೇಸನ್ ರೂಪದಲ್ಲಿಯೂ, ಬ್ರಿಟ್ನಿ ತನ್ನ ಕಾರಣಗಳನ್ನು ಯಾಮಲ್ ರೂಪದಲ್ಲಿಯೂ ಕೊಡುತ್ತವೆ, ಎರಡೂ ಪ್ರೋಗ್ರಾಮ್‌ಗಳು ಸುಲಭವಾಗಿ ಓದಬಲ್ಲ ರೂಪಗಳು. ಸ್ಕ್ರಿಪ್ಟ್ ಇವನ್ನು ಓದಿ ಒಂದು ಪಟ್ಟಿ ಮಾಡಿದರೆ ಸಾಕು.

ಬಳ್ಳಾರಿಯಿಂದ

ನಾನು ಬಳ್ಳಾರಿಯಲ್ಲಿ ಒಂದು ಕಾರ್ಖಾನೆಯ ಕಚೇರಿಯ ಸರ್ವರ್‌ಗಳನ್ನು ನೋಡಿಕೊಳ್ಳುತ್ತೇನೆ. ರಾಯಚೂರಿನ ಸರ್ ಹೇಳಿದ ಘಟನೆ ಬೇಸರದ್ದೇ, ಆದರೆ ಅವರು ಮುಟ್ಟುತ್ತಿರುವ ತೀರ್ಮಾನದ ಬಗ್ಗೆ ನನಗೆ ಆಕ್ಷೇಪವಿದೆ. ಯಾರೂ ನೋಡಿಲ್ಲ ಎಂಬ ಕಾರಣಕ್ಕೆ ಪ್ಯಾಕೇಜನ್ನು ತಡೆಹಿಡಿಯುವ ಪದ್ಧತಿ ಮಾಡಿದರೆ ಹೆಚ್ಚಿನ ಪ್ಯಾಕೇಜುಗಳು ಎಂದಿಗೂ ಬರುವುದಿಲ್ಲ. ಬೇರೆ ತಂತ್ರಾಂಶಗಳು ಒಳಗೊಳಗೇ ಬಳಸುವ ಲೈಬ್ರರಿಗಳನ್ನು ಯಾರು ಕೂತು ನೋಡುತ್ತಾರೆ? ಸಾವಿರಾರು ಪ್ಯಾಕೇಜುಗಳಿಗೆ ಪ್ರತಿಕ್ರಿಯೆ ಬರೆಯುವವರೇ ಇರುವುದಿಲ್ಲ, ಅವು ಸದ್ದಿಲ್ಲದೆ ದಾಟುತ್ತವೆ, ಸದ್ದಿಲ್ಲದೆ ಕೆಲಸವನ್ನೂ ಮಾಡುತ್ತವೆ. ನನ್ನ ಅನುಭವದಲ್ಲಿ ಅಪ್‌ಡೇಟ್ ಬಂದು ಆದ ತೊಂದರೆಗಿಂತ ಅಪ್‌ಡೇಟ್ ಹಾಕದೆ ಉಳಿದು ಆದ ತೊಂದರೆ ದೊಡ್ಡದು. ಭದ್ರತಾ ದೋಷವೊಂದು ಬಹಿರಂಗವಾದ ಮೇಲೆ ಒಬ್ಬರು ಬಂದು ಷರಾ ಬರೆಯಲಿ ಎಂದು ಕಾಯುವುದು ಬಾಗಿಲು ತೆರೆದಿಟ್ಟು ಬೀಗದ ಕೈ ಹುಡುಕಿದ ಹಾಗೆ.

ಇನ್ನೊಂದು ಮಾತು. ಉಬುಂಟು ಎಂಬ ವಿತರಣೆಯಲ್ಲಿ ಸ್ಟೇಬಲ್ ಅಪ್‌ಡೇಟ್‌ಗಳಿಗೆ ನೀವು ಕೇಳುವಂಥ ನಿಯಮ ಈಗಾಗಲೇ ಇದೆ. ಹೊಸ ಆವೃತ್ತಿ ಪ್ರಪೋಸ್ಡ್ ಎಂಬ ಭಂಡಾರದಲ್ಲಿ ಕನಿಷ್ಠ 7 ದಿನ ಇರಬೇಕು, ಜೊತೆಗೆ ಯಾರಾದರೂ ಅದನ್ನು ಹಾಕಿ ನೋಡಿ, ಏನನ್ನು ಪರೀಕ್ಷಿಸಿದೆ ಎಂದು ಬಗ್ ವರದಿಯಲ್ಲಿ ಬರೆದು, ‘ಪರಿಶೀಲನೆ ಬೇಕು’ ಎಂಬ ಗುರುತನ್ನು ‘ಪರಿಶೀಲನೆ ಆಗಿದೆ’ ಎಂದು ಬದಲಾಯಿಸಬೇಕು. ಆಮೇಲೂ ಎಲ್ಲರಿಗೂ ಒಮ್ಮೆಲೇ ಕೊಡುವುದಿಲ್ಲ, ಮೊದಲು ಶೇಕಡಾ 10ರಷ್ಟು ಯಂತ್ರಗಳಿಗೆ, ಮುಂದೆ ಸ್ವಲ್ಪ ಸ್ವಲ್ಪವಾಗಿ ಹೆಚ್ಚಿಸುತ್ತಾರೆ. ಒಳ್ಳೆಯ ಪದ್ಧತಿಯೇ. ಆದರೆ ಪರಿಶೀಲಿಸುವವರು ಸಿಗದೆ ಪ್ರಪೋಸ್ಡ್‌ನಲ್ಲೇ ಬಹಳ ದಿನ ಉಳಿದುಹೋಗುವ ಪ್ಯಾಕೇಜುಗಳೂ ಅಲ್ಲಿ ಇದ್ದೇ ಇರುತ್ತವೆ. ಆ ಬೆಲೆ ತೆರಲು ನಾವು ಸಿದ್ಧರಿದ್ದೇವೆಯೇ?

ಸಿಂಧನೂರಿನಿಂದ

ಹಿರಿಯರೆಲ್ಲರಿಗೂ ನಮಸ್ಕಾರ. ನಾನು ಇಂಜಿನಿಯರಿಂಗ್ ಕೊನೆಯ ವರ್ಷದ ವಿದ್ಯಾರ್ಥಿ. ಕೊಪ್ಪಳದ ಸರ್ ಬರೆದದ್ದನ್ನು ಓದಿದ ಮೇಲೆ ಎರಡು ರಾತ್ರಿ ಕೂತು ಪೈಥಾನ್‌ನಲ್ಲಿ ಒಂದು ಸ್ಕ್ರಿಪ್ಟ್ ಬರೆದಿದ್ದೇನೆ. ನಾನು ಮೊದಲು ಮಾಡಿದ ತಪ್ಪನ್ನೂ ಹೇಳುತ್ತೇನೆ, ಬೇರೆಯವರು ಬರೆಯುವುದಾದರೆ ಅನುಕೂಲವಾದೀತು.

ಸರ್ ಬೇಡವೆಂದರೂ ಮೊದಲಿಗೆ ನಾನೇ ದಿನಗಳನ್ನು ಎಣಿಸಲು ಹೋದೆ. ಟೆಸ್ಟಿಂಗ್‌ಗೆ ಬಂದ ದಿನಾಂಕಕ್ಕೆ 7 ಕೂಡಿಸಿ, ಇಂದಿನ ದಿನಾಂಕದೊಂದಿಗೆ ಹೋಲಿಸುವುದು ಅಷ್ಟೇ ಅಲ್ಲವೇ ಎಂದುಕೊಂಡೆ. ಗೊತ್ತುಪಡಿಸಿದ ಸಮಯಕ್ಕೆ ಕೆಲಸ ಓಡಿಸುವ ಕ್ರಾನ್‌ನಲ್ಲಿ ಬೆಳಗಿನ ಐದು ಗಂಟೆಗೆ ಓಡುವಂತೆ ಇಟ್ಟಿದ್ದೆ. ನೋಡಿದರೆ ಕೆಲವು ಪ್ಯಾಕೇಜುಗಳು ಒಂದು ದಿನ ಮೊದಲೇ ಸಿದ್ಧ ಎಂದು ಬರುತ್ತಿದ್ದವು. ಅಲ್ಲಿಯ ಎಲ್ಲ ದಿನಾಂಕಗಳೂ ಯುಟಿಸಿ ಎಂಬ ಜಾಗತಿಕ ಪ್ರಮಾಣ ಸಮಯದಲ್ಲಿರುತ್ತವೆ, ನಮ್ಮ ಸಮಯ ಅದಕ್ಕಿಂತ ಐದೂವರೆ ಗಂಟೆ ಮುಂದೆ. ನಮ್ಮ ಬೆಳಗಿನ ಐದು ಗಂಟೆ ಎಂದರೆ ಅಲ್ಲಿ ಹಿಂದಿನ ದಿನದ ರಾತ್ರಿ ಹನ್ನೊಂದೂವರೆ. ನಾನು ಗಂಟೆಯನ್ನು ಬಿಟ್ಟು ದಿನಾಂಕವನ್ನಷ್ಟೇ ಹೋಲಿಸಿದ್ದರಿಂದ ಒಂದು ದಿನದ ವ್ಯತ್ಯಾಸ ಬರುತ್ತಿತ್ತು. ಎರಡನೆಯ ತಪ್ಪು ಇದಕ್ಕಿಂತ ದೊಡ್ಡದು: ಗಡುವಿನ ನಡುವೆ ನಿರ್ವಾಹಕರು ಹೊಸ ಅಪ್‌ಲೋಡ್ ಮಾಡಿದರೆ ಎಣಿಕೆ ಮತ್ತೆ ಮೊದಲಿನಿಂದ ಶುರುವಾಗುತ್ತದೆ ಎಂಬುದನ್ನು ನಾನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಈಗ ಎಣಿಕೆಯನ್ನು ಪೂರ್ತಿ ತೆಗೆದುಹಾಕಿ, ಬೋಧಿ ಮತ್ತು ಬ್ರಿಟ್ನಿ ಕೊಡುವ ಮಾಹಿತಿಯನ್ನೇ ಓದುತ್ತಿದ್ದೇನೆ.

ಪಟ್ಟಿ ಉದ್ದವಾಗಬಾರದೆಂದು ಕನ್ನಡಕ್ಕೆ ನೇರವಾಗಿ ಸಂಬಂಧಿಸಿದ ಪ್ಯಾಕೇಜುಗಳನ್ನು ಮಾತ್ರ ಆರಿಸಿದ್ದೇನೆ. ಲೋಹಿತ್ ಕನ್ನಡ, ನೋಟೊ, ಗುಬ್ಬಿ, ನವಿಲು ಫಾಂಟುಗಳು, ಟೈಪಿಂಗ್‌ಗೆ ಬೇಕಾದ ಐಬಸ್ ಮತ್ತು ಎಂ17ಎನ್ ಕೀಲಿಮಣೆ ವಿನ್ಯಾಸಗಳು, ಅಕ್ಷರಗಳನ್ನು ಜೋಡಿಸುವ ಹಾರ್ಫ್‌ಬಝ್, ಪ್ಯಾಂಗೊ, ಚಿತ್ರದಲ್ಲಿರುವ ಅಕ್ಷರಗಳನ್ನು ಓದುವ ಟೆಸೆರಾಕ್ಟ್‌ನ ಕನ್ನಡ ದತ್ತಾಂಶ, ಲಿಬ್ರೆಆಫೀಸ್ ಇವೆಲ್ಲ ಅದರಲ್ಲಿವೆ. ರಾಯಚೂರಿನ ಸರ್ ಕೇಳಿದಂತೆ ‘ತಕರಾರು’ ಮತ್ತು ‘ನೋಡಿದವರು’ ಎಂಬ ಎರಡು ಬೇರೆ ಕಲಂಗಳನ್ನು ಇಟ್ಟಿದ್ದೇನೆ.

ಬಳ್ಳಾರಿಯ ಸರ್ ಹೇಳಿದ್ದಕ್ಕೆ ಉತ್ತರ ಕೊಡುವಷ್ಟು ದೊಡ್ಡವನು ನಾನಲ್ಲ. ಆದರೂ ನಮ್ಮ ಮನೆಯ ಒಂದು ಮಾತು ಹೇಳಬೇಕೆನಿಸಿತು. ಕೊಯ್ಲಾದ ಮೇಲೆ ಭತ್ತವನ್ನು ಖರೀದಿ ಕೇಂದ್ರಕ್ಕೆ ಒಯ್ದಾಗ, ಎಷ್ಟು ದಿನ ಒಣಗಿಸಿದಿರಿ ಎಂದು ಅಲ್ಲಿ ಕೇಳುವುದಿಲ್ಲ. ಮೀಟರ್ ಇಟ್ಟು ತೇವಾಂಶ ನೋಡುತ್ತಾರೆ, ಶೇಕಡಾ 17ಕ್ಕಿಂತ ಹೆಚ್ಚಿದ್ದರೆ ತೆಗೆದುಕೊಳ್ಳುವುದಿಲ್ಲ. ಮೋಡ ಕವಿದ ವಾರದಲ್ಲಿ ಏಳು ದಿನ ಕಣದಲ್ಲಿ ಹರವಿದರೂ ಭತ್ತ ಒಣಗುವುದಿಲ್ಲ ಎಂಬುದು ನಮ್ಮ ಅಪ್ಪಾಜಿಗೆ ಗೊತ್ತು. ಯಾರೂ ಮುಟ್ಟದ ಪ್ಯಾಕೇಜು ಏಳು ದಿನ ಟೆಸ್ಟಿಂಗ್‌ನಲ್ಲಿ ಇದ್ದದ್ದು ನನಗೆ ಹಾಗೆಯೇ ಕಾಣುತ್ತದೆ.

ಗಂಗಾವತಿಯಿಂದ

ಸಿಂಧನೂರಿನ ತಮ್ಮನ ಪಟ್ಟಿಯನ್ನು ನೋಡಿ ಸಂತೋಷವಾಯಿತು. ನಾನು ಪ್ರೋಗ್ರಾಮ್ ಬರೆಯುವವಳಲ್ಲ. ಗಂಗಾವತಿಯಲ್ಲಿ ಹದಿನಾಲ್ಕು ವರ್ಷಗಳಿಂದ ಡಿಟಿಪಿ ಕೆಲಸ ಮಾಡುತ್ತಿದ್ದೇನೆ: ಮದುವೆ ಪತ್ರಿಕೆ, ಜಾತ್ರೆಯ ಕರಪತ್ರ, ಸಹಕಾರ ಸಂಘದ ವಾರ್ಷಿಕ ವರದಿ. ನೀವೆಲ್ಲ ‘ನೋಡಿದವರು’ ಎಂಬ ಕಲಂ ಬೇಕು ಎನ್ನುತ್ತಿದ್ದೀರಿ. ಆದರೆ ನೋಡುವುದೆಂದರೆ ಏನು ನೋಡುವುದು ಎಂದು ಯಾರೂ ಬರೆದಿಲ್ಲ. ಫಾಂಟ್ ಹಾಕಿ, ‘ಕನ್ನಡ’ ಎಂದು ಟೈಪ್ ಮಾಡಿ, ಚೆನ್ನಾಗಿದೆ ಎಂದು ಒಂದು ಕರ್ಮ ಕೊಟ್ಟರೆ ಅದರಿಂದ ಯಾರಿಗೂ ಉಪಯೋಗವಿಲ್ಲ. ಆ ಪದ ಯಾವ ಫಾಂಟಿನಲ್ಲೂ ಕೆಡುವುದಿಲ್ಲ.

ನಾನು ಹೊಸ ಫಾಂಟ್ ಬಂದಾಗ ಮೊದಲು ಒಂದು ಪುಟ ಮುದ್ರಿಸಿ ನೋಡುತ್ತೇನೆ. ಅದರಲ್ಲಿರುವ ಪದಗಳನ್ನು ವರ್ಷಗಳಿಂದ ಗ್ರಾಹಕರ ಬೈಗುಳ ತಿಂದು ಕೂಡಿಸಿದ್ದೇನೆ. ‘ಸ್ತ್ರೀ’, ‘ರಾಷ್ಟ್ರ’, ‘ಶಾಸ್ತ್ರ’ ಇವುಗಳಲ್ಲಿ ಎರಡು ಒತ್ತುಗಳು ಒಂದರ ಮೇಲೊಂದು ಹತ್ತದೆ ನಿಲ್ಲಬೇಕು. ‘ಕಾರ್ಯ’, ‘ಸೂರ್ಯ’ದಲ್ಲಿ ಅರ್ಕಾವತ್ತು ಬರಬೇಕು, ‘ರ‍್ಯಾಂಕ್’, ‘ರ‍್ಯಾಲಿ’ಯಲ್ಲಿ ಬರಬಾರದು. ಈ ಎರಡಕ್ಕೂ ಒತ್ತುವ ಅಕ್ಷರಗಳು ಅವೇ: ರ, ಹಲಂತ, ಯ. ನಡುವೆ ಕಣ್ಣಿಗೆ ಕಾಣದ ಒಂದು ಜೋಡಕ ಸಂಕೇತ ಇದೆಯೋ ಇಲ್ಲವೋ ಎಂಬುದಷ್ಟೇ ವ್ಯತ್ಯಾಸ. ಆದ್ದರಿಂದಲೇ ಅದು ಮೊದಲು ಕೆಡುತ್ತದೆ. ‘ಕೃಷ್ಣೆ’, ‘ತುಂಗಭದ್ರೆ’ಯಲ್ಲಿ ಏತ್ವ ಅಕ್ಷರದ ತಲೆಯ ಮೇಲೆ ಸರಿಯಾಗಿ ಕೂರಬೇಕು. ‘ಕೋ’ ಎಂದು ಬರೆದಾಗ ದೀರ್ಘ ತಪ್ಪಿಹೋಗಬಾರದು. ಒಬ್ಬರ ಮದುವೆ ಪತ್ರಿಕೆಯಲ್ಲಿ ದೀರ್ಘ ತಪ್ಪಿ ಮನೆತನದ ಹೆಸರೇ ಬೇರೆಯಾಗಿ 500 ಪತ್ರಿಕೆಗಳನ್ನು ಮತ್ತೆ ಹೊಡೆಸಿಕೊಟ್ಟಿದ್ದೇನೆ. ಕೊನೆಗೆ ಬ್ಯಾಕ್‌ಸ್ಪೇಸ್ ಒತ್ತಿದಾಗ ಒಂದು ಒತ್ತು ಹೋಗುತ್ತದೆಯೋ ಇಡೀ ಅಕ್ಷರವೇ ಹೋಗುತ್ತದೆಯೋ ನೋಡಬೇಕು. ಪಿಡಿಎಫ್ ಮಾಡಿ, ಅದರಿಂದ ಪಠ್ಯವನ್ನು ನಕಲಿಸಿ ಬೇರೆಡೆ ಅಂಟಿಸಿದರೆ ಅಕ್ಷರಗಳು ಚದುರುತ್ತವೆಯೇ ಎಂಬುದನ್ನೂ ನೋಡಬೇಕು.

ಈ ಪುಟವನ್ನು ಬಳಗಕ್ಕೆ ಕೊಡುತ್ತೇನೆ. ಷರಾ ಬರೆಯುವವರು ಈ ಪುಟವನ್ನು ತೆರೆದು ನೋಡಿದ ಮೇಲೆಯೇ ಬರೆಯಲಿ.

ಕೊಪ್ಪಳದಿಂದ

ಗಂಗಾವತಿಯ ಮೇಡಂ ಅವರ ಬರಹ ಈ ಚರ್ಚೆಗೆ ಬಹಳ ಬೇಕಾಗಿತ್ತು. ಅದರಲ್ಲಿ ಒಂದು ಭಾಗವನ್ನು ಯಂತ್ರಕ್ಕೂ ಕಲಿಸಬಹುದು. ಹಾರ್ಫ್‌ಬಝ್ ಜೊತೆ ಎಚ್‌ಬಿ-ಶೇಪ್ ಎಂಬ ಸಣ್ಣ ಸಲಕರಣೆ ಬರುತ್ತದೆ. ಒಂದು ಫಾಂಟನ್ನೂ ಒಂದು ಪದವನ್ನೂ ಕೊಟ್ಟರೆ, ಆ ಪದವನ್ನು ಬಿಡಿಸಲು ಫಾಂಟಿನ ಯಾವ ಯಾವ ಆಕೃತಿಗಳನ್ನು ಯಾವ ಕ್ರಮದಲ್ಲಿ ಇಡುತ್ತಿದೆ ಎಂದು ಸಾಲಾಗಿ ಹೇಳುತ್ತದೆ. ಮೇಡಂ ಅವರ ಪುಟದ ಪ್ರತಿ ಪದವನ್ನೂ ಹಳೆಯ ಫಾಂಟಿನಲ್ಲಿ ಒಮ್ಮೆ, ಹೊಸ ಫಾಂಟಿನಲ್ಲಿ ಒಮ್ಮೆ ಓಡಿಸಿ ಹೋಲಿಸಿದರೆ, ‘ರ‍್ಯಾಂಕ್’ನಲ್ಲಿ ಅರ್ಕಾವತ್ತಿನ ಆಕೃತಿ ನುಸುಳಿದ್ದು ತಕ್ಷಣ ತಿಳಿಯುತ್ತದೆ. ಆದರೆ ಫಾಂಟ್ ರಚಿಸಿದವರು ಆಕೃತಿಗಳ ಹೆಸರನ್ನೋ ಅಗಲವನ್ನೋ ಬದಲಿಸಿದ್ದರೂ ವ್ಯತ್ಯಾಸ ಎಂದು ಬರುತ್ತದೆ. ಅದು ದೋಷವಲ್ಲ. ಹಾಗಾಗಿ ವ್ಯತ್ಯಾಸ ಬಂದ ಪದಗಳನ್ನು ಮಾತ್ರ ಎಚ್‌ಬಿ-ವ್ಯೂ ಮೂಲಕ ಚಿತ್ರವಾಗಿ ಮಾಡಿ, ಹಳೆಯದನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟು, ಓದಬಲ್ಲ ಒಬ್ಬರಿಗೆ ಕಳಿಸಬೇಕು. ಅವರು ನೋಡಬೇಕಾದದ್ದು ಇಡೀ ಪುಟವಲ್ಲ, ನಾಲ್ಕಾರು ಪದ ಅಷ್ಟೇ.

ಇದರಿಂದ ಡೆಬಿಯನ್‌ನಲ್ಲಿ ಇನ್ನೂ ಒಂದು ಲಾಭವಿದೆ. ಅಲ್ಲಿ ಪ್ಯಾಕೇಜಿನ ಜೊತೆಯಲ್ಲೇ ಅದರ ಪರೀಕ್ಷೆಯನ್ನು ಇಡುವ ವ್ಯವಸ್ಥೆಗೆ ಆಟೋಪಿಕೆಜಿಟೆಸ್ಟ್ ಎನ್ನುತ್ತಾರೆ. ಹೊಸ ಆವೃತ್ತಿ ಆ ಪರೀಕ್ಷೆಯಲ್ಲಿ ಉತ್ತೀರ್ಣವಾದರೆ ಕಾಯುವ ದಿನಗಳು ಕಡಿಮೆಯಾಗುತ್ತವೆ. ಹಿಂದೆ ಉತ್ತೀರ್ಣವಾಗುತ್ತಿದ್ದದ್ದು ಈಗ ಅನುತ್ತೀರ್ಣವಾದರೆ ಬ್ರಿಟ್ನಿ ಅದನ್ನು ತಡೆಯುತ್ತದೆ. ಕನ್ನಡ ಫಾಂಟುಗಳಿಗೆ ಅರ್ಕಾವತ್ತಿನ ಪರೀಕ್ಷೆಯೊಂದನ್ನು ಬರೆದು ಆಯಾ ನಿರ್ವಾಹಕರಿಗೆ ಕಳಿಸಿ ಅವರು ಒಪ್ಪಿದರೆ, ರಾಯಚೂರಿನ ಲ್ಯಾಬಿನಲ್ಲಿ ನಮ್ಮ ಸ್ಕ್ರಿಪ್ಟ್ ಓಡದ ದಿನವೂ ಆ ಪರೀಕ್ಷೆ ಅಲ್ಲಿ ಓಡುತ್ತಿರುತ್ತದೆ. ನಮ್ಮ ಪಟ್ಟಿಗಿಂತ ಇದು ಹೆಚ್ಚು ಬಾಳುವ ಕೆಲಸ ಎಂಬುದು ನನ್ನ ಅಭಿಪ್ರಾಯ.

ಬಳ್ಳಾರಿಯ ಸರ್ ಎತ್ತಿದ ಪ್ರಶ್ನೆಗೂ ಉತ್ತರಿಸಬೇಕು. ಸದ್ದಿಲ್ಲದೆ ದಾಟುವ ಲೈಬ್ರರಿಗಳ ಬಗ್ಗೆ ಅವರು ಹೇಳಿದರು. ಕಡತಗಳನ್ನು ಕುಗ್ಗಿಸುವ ಎಕ್ಸ್‌ಝಡ್ ಎಂಬ ಲೈಬ್ರರಿಯ ಪ್ರಕರಣ ನಮಗೆಲ್ಲ ನೆನಪಿದೆ. 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಬೇಕೆಂದೇ ಹಿಂಬಾಗಿಲು, ಅಂದರೆ ಹೊರಗಿನವರು ಗುಟ್ಟಾಗಿ ಒಳನುಗ್ಗುವ ದಾರಿ, ಇಡಲಾಗಿತ್ತು. ಅವು ಡೆಬಿಯನ್‌ನ ಅನ್‌ಸ್ಟೇಬಲ್‌ಗೆ ಬಂದವು, ದಿನಗಳ ಗಡುವನ್ನು ದಾಟಿ ಟೆಸ್ಟಿಂಗ್‌ಗೂ ಹೋದವು. ಬಿಲ್ಡ್ ಸರಿಯಾಗಿತ್ತು, ಅವಲಂಬನೆ ಸರಿಯಾಗಿತ್ತು, ಅಡ್ಡಿಪಡಿಸುವ ಬಗ್ ಇರಲಿಲ್ಲ. ಯಂತ್ರ ಕೇಳಬಹುದಾದ ಎಲ್ಲ ಪ್ರಶ್ನೆಗಳಿಗೂ ಉತ್ತರ ಸರಿಯಿತ್ತು. ದೂರದ ಯಂತ್ರದೊಳಗೆ ಹೋಗಲು ಬಳಸುವ ಎಸ್‌ಎಸ್‌ಎಚ್ ಲಾಗಿನ್‌ಗೆ ಸುಮಾರು ಅರ್ಧ ಸೆಕೆಂಡ್ ಹೆಚ್ಚು ಹಿಡಿಯುತ್ತಿದೆ ಏಕೆ ಎಂದು ಆಂಡ್ರೆಸ್ ಫ್ರಾಯಿಂಡ್ ಎಂಬ ಇಂಜಿನಿಯರ್ ಬೆನ್ನುಹತ್ತಿ ಹೋಗಿದ್ದರಿಂದ 2024ರ ಮಾರ್ಚ್ 29ರಂದು ಅದು ಹೊರಬಂತು. ಭದ್ರತಾ ದೋಷಗಳ ಪಟ್ಟಿಯಲ್ಲಿ ಸಿವಿಇ-2024-3094 ಎಂಬ ಸಂಖ್ಯೆ ಅದಕ್ಕಿದೆ. ಡೆಬಿಯನ್‌ನ ಸ್ಟೇಬಲ್ ಉಳಿದುಕೊಂಡದ್ದು ಅಲ್ಲಿಗೆ ಇನ್ನೂ ಆ ಆವೃತ್ತಿ ಬಂದಿರಲಿಲ್ಲ ಎಂಬ ಕಾರಣದಿಂದ. ಸ್ಟೇಬಲ್‌ಗೆ ಮೊದಲಿನ ಹಂತಗಳು ಇದ್ದದ್ದು, ಅವುಗಳಲ್ಲಿ ಅನ್‌ಸ್ಟೇಬಲ್ ಅನ್ನು ಒಬ್ಬರು ನಿಜವಾಗಿ ಬಳಸುತ್ತಿದ್ದದ್ದು, ಎರಡೂ ಸೇರಿ ನಮ್ಮನ್ನು ಕಾಪಾಡಿದವು.

ಬಳ್ಳಾರಿಯಿಂದ

ಕೊಪ್ಪಳದ ಸರ್, ಎಕ್ಸ್‌ಝಡ್ ಉದಾಹರಣೆಯನ್ನು ಒಪ್ಪುತ್ತೇನೆ. ಅದು ಬಂದ ವಾರ ನಾನೂ ನಮ್ಮ ಎಲ್ಲ ಸರ್ವರ್‌ಗಳಲ್ಲಿ ಆವೃತ್ತಿ ಯಾವುದೆಂದು ರಾತ್ರಿ ಎರಡರವರೆಗೆ ನೋಡಿದವನು. ಆದರೆ ಅದನ್ನು ಹಿಡಿದದ್ದು ಆ ಕ್ಷೇತ್ರದಲ್ಲಿ ಪಳಗಿದ ಒಬ್ಬರ ಗಮನ. ನಮ್ಮ ಷರಾ ಕಲಂ ಅಂಥದ್ದನ್ನು ಹಿಡಿಯುತ್ತದೆ ಎಂದು ನಾವು ಭಾವಿಸಬಾರದು.

ನನ್ನ ನಿಲುವನ್ನು ಸ್ವಲ್ಪ ತಿದ್ದಿಕೊಳ್ಳುತ್ತೇನೆ. ಕನ್ನಡದ ಪ್ಯಾಕೇಜುಗಳಿಗೆ ‘ನೋಡಿದವರು’ ಎಂಬ ಕಲಂ ಬೇಕು, ಏಕೆಂದರೆ ಅಲ್ಲಿ ನಾವು ನೋಡದಿದ್ದರೆ ಬೇರೆ ಯಾರೂ ನೋಡುವುದಿಲ್ಲ. ಆದರೆ ಎರಡು ಷರತ್ತುಗಳಿವೆ. ಭದ್ರತಾ ಅಪ್‌ಡೇಟ್‌ಗಳನ್ನು ಈ ಪಟ್ಟಿಯ ಹೊರಗಿಡಬೇಕು, ಅವು ಬಂದ ಕೂಡಲೇ ಲ್ಯಾಬಿಗೆ ಹೋಗಬೇಕು. ಹಾರ್ಫ್‌ಬಝ್‌ನಂಥ ಲೈಬ್ರರಿಯಲ್ಲಿ ಭದ್ರತಾ ತಿದ್ದುಪಡಿ ಬಂದಾಗ, ಒಂದು ಒತ್ತಕ್ಷರ ಕೆಟ್ಟರೂ ಮೊದಲು ಹಾಕಿ ಆಮೇಲೆ ದೂರು ಕೊಡೋಣ. ಎರಡನೆಯದು, ಪಟ್ಟಿ ಯಾರನ್ನೂ ತಡೆಯಬಾರದು. ಗಡುವು ಮುಗಿಯುವ ಮೊದಲು ಒಬ್ಬರನ್ನು ಕರೆಯಬೇಕು ಅಷ್ಟೇ. ಮುಗಿದ ಮೇಲೆ ಬರುವ ವರದಿ ಪಂಚನಾಮೆ ಆಗುತ್ತದೆ.

ಸಿಂಧನೂರಿನಿಂದ

ಬಳ್ಳಾರಿಯ ಸರ್ ಹೇಳಿದ ಎರಡನ್ನೂ ಸೇರಿಸಿದ್ದೇನೆ. ಬೋಧಿಯಲ್ಲಿ ಪ್ರತಿ ಅಪ್‌ಡೇಟ್‌ಗೆ ಅದು ಭದ್ರತೆಯದೋ, ದೋಷ ಪರಿಹಾರದ್ದೋ, ಹೊಸ ಸೌಲಭ್ಯದ್ದೋ ಎಂಬ ವರ್ಗ ಇರುತ್ತದೆ, ಆದ್ದರಿಂದ ಭದ್ರತೆಯದನ್ನು ಬೇರ್ಪಡಿಸುವುದು ಕಷ್ಟವಾಗಲಿಲ್ಲ. ಪಟ್ಟಿಯ ಕ್ರಮವನ್ನೂ ಬದಲಿಸಿದ್ದೇನೆ. ಮೊದಲು ‘ಸಿದ್ಧ’ ಆದವು ಮೇಲೆ ಬರುತ್ತಿದ್ದವು. ಈಗ ಗಡುವು ಮುಗಿಯಲು ಮೂರು ದಿನ ಅಥವಾ ಅದಕ್ಕಿಂತ ಕಡಿಮೆ ಉಳಿದಿದ್ದು, ‘ನೋಡಿದವರು’ ಕಲಂ ಖಾಲಿ ಇರುವವು ಮೇಲೆ ಬರುತ್ತವೆ. ಬೇರೆ ಯಾರಾದರೂ ಈಗಾಗಲೇ ನೋಡಿ ಬರೆದಿದ್ದರೆ ಆ ಸಾಲು ಕೆಳಗೆ ಹೋಗುತ್ತದೆ. ಅಲ್ಲಿಯ ಟಿಪ್ಪಣಿಗಳಲ್ಲಿ ಹೆಚ್ಚಿನವನ್ನು ಸ್ವಯಂಚಾಲಿತ ಪರೀಕ್ಷೆಗಳೇ ಬರೆದಿರುತ್ತವೆ, ಅವನ್ನು ‘ನೋಡಿದವರು’ ಎಂದು ಎಣಿಸದಂತೆ ಮಾಡಲು ಒಂದು ಸಂಜೆ ಹಿಡಿಯಿತು.

ರಾಯಚೂರಿನಿಂದ, ಚರ್ಚೆ ಆರಂಭಿಸಿದವರು

ಎಲ್ಲರಿಗೂ ಕೃತಜ್ಞತೆಗಳು. ಸ್ಕ್ರಿಪ್ಟನ್ನು ಲ್ಯಾಬಿನ ಒಂದು ಹಳೆಯ ಯಂತ್ರದಲ್ಲಿ ಹಾಕಿ ಮೂರು ವಾರವಾಯಿತು. ಪ್ರತಿ ಬೆಳಿಗ್ಗೆ ಪಟ್ಟಿ ಬರುತ್ತದೆ, ಹೆಚ್ಚಿನ ದಿನ ಅದರಲ್ಲಿ ಮೇಲ್ಭಾಗ ಖಾಲಿಯೇ ಇರುತ್ತದೆ. ಕೀಲಿಮಣೆ ವಿನ್ಯಾಸದ ಒಂದು ಅಪ್‌ಡೇಟ್ ಎರಡನೆಯ ವಾರದಲ್ಲಿ ಮೇಲೆ ಬಂತು: ಎರಡು ದಿನ ಉಳಿದಿತ್ತು, ನೋಡಿದವರು ಯಾರೂ ಇರಲಿಲ್ಲ. ಪರೀಕ್ಷೆಗೆಂದೇ ಬೇರೆ ಇಟ್ಟಿರುವ ಒಂದು ಯಂತ್ರಕ್ಕೆ ಅದನ್ನು ಟೆಸ್ಟಿಂಗ್ ಭಂಡಾರದಿಂದ ಹಾಕಿದೆ. ಅಂದು ಕೈ ಎತ್ತಿದ್ದ ವಿದ್ಯಾರ್ಥಿನಿಯನ್ನೇ ಕರೆದು ಗಂಗಾವತಿಯ ಮೇಡಂ ಅವರ ಪುಟವನ್ನು ಪೂರ್ತಿ ಟೈಪ್ ಮಾಡಿಸಿದೆ. ಅವಳು ಪ್ರತಿ ಪದದ ಮುಂದೆ ಪೆನ್ಸಿಲ್‌ನಿಂದ ಗುರುತು ಹಾಕುತ್ತಾ ಹೋದಳು, ಇಪ್ಪತ್ತು ನಿಮಿಷ ಹಿಡಿಯಿತು. ದೋಷವೇನೂ ಸಿಗಲಿಲ್ಲ. ಅವಳ ಹೆಸರಿನಲ್ಲೇ ಫೆಡೋರಾ ಖಾತೆ ತೆರೆಸಿ, ಯಾವ ವಿನ್ಯಾಸದಲ್ಲಿ ಯಾವ ಪದಗಳನ್ನು ಒತ್ತಿ ನೋಡಿದಳು ಎಂಬುದನ್ನು ಬರೆಸಿ, ಒಂದು ಕರ್ಮ ಕೊಡಿಸಿದ್ದೇನೆ.

ಕೊಪ್ಪಳದ ಸರ್ ಹೇಳಿದ ಆಟೋಪಿಕೆಜಿಟೆಸ್ಟ್ ಇನ್ನೂ ಬರೆದಿಲ್ಲ. ಮೊದಲು ಗುಬ್ಬಿ ಫಾಂಟಿಗೆ ಬರೆಯೋಣ ಎಂದು ಸಿಂಧನೂರಿನ ತಮ್ಮನೊಂದಿಗೆ ಮಾತಾಗಿದೆ. ‘ರ‍್ಯಾಂಕ್’, ‘ಸೂರ್ಯ’ ಎರಡೇ ಪದಗಳಿಂದ ಶುರುಮಾಡುತ್ತೇವೆ. ಬರುವ ಭಾನುವಾರ ಅದರ ಕರಡನ್ನು ಇಲ್ಲಿಯೇ ಹಾಕುತ್ತೇನೆ. ಎಚ್‌ಬಿ-ಶೇಪ್ ಕೊಡುವ ಸಾಲಿನಲ್ಲಿ ಅರ್ಕಾವತ್ತಿನ ಆಕೃತಿಗೆ ಆ ಫಾಂಟಿನಲ್ಲಿ ಯಾವ ಹೆಸರಿದೆ ಎಂದು ಗೊತ್ತಿರುವವರು ಅದಕ್ಕೆ ಮೊದಲೇ ತಿಳಿಸಿದರೆ ನಮ್ಮ ಕೆಲಸ ಹಗುರವಾಗುತ್ತದೆ.